ಸಾವ್ಕಾಳ ದನಿ ಇದ್ದ ಕಡೆಗಳು

ಘಟನೆಗಳ ಕ್ರಮ ಹೀಗಿತ್ತು. ಮೇ ತಿಂಗಳಲ್ಲಿ ಸಾವ್ಕಾ ತೀರಿಕೊಂಡಳು. ನವೆಂಬರಿನಲ್ಲಿ, ಆರು ತಿಂಗಳ ತಿಥಿ ಹತ್ತಿರ ಬಂದಾಗ, ಗಂಡ ದೋಬ್ರಿ ಅವಳ ಭಾವಚಿತ್ರವಿದ್ದ ಶೋಕಪತ್ರಗಳನ್ನು ಮನೆಯ ಬಾಗಿಲಿಗೆ, ಬಸ್ ನಿಲ್ದಾಣದ ಕಂಬಕ್ಕೆ, ಬ್ರೆಡ್ ಅಂಗಡಿಯ ಪಕ್ಕದ ಮರಕ್ಕೆ ಅಂಟಿಸಿ ಬಂದ. ದೂರದೂರಿನವರಿಗೆ ಅದನ್ನೇ ಇಮೇಲ್‌ನಲ್ಲಿ ಕಳುಹಿಸಿದ. ಸೋಮವಾರ ಅವನಿಗೊಂದು ಇಮೇಲ್ ಬಂತು. ಮಂಗಳವಾರ ಬೆಳಗ್ಗೆ ಕಂಪ್ಯೂಟರಿನ ಒಂದು ಫೈಲೂ ತೆರೆಯಲಿಲ್ಲ. ಬುಧವಾರ ಮಗಳು ಬಿಲ್ಯಾನಾ ರಜೆ ಹಾಕಿ ತಾನಿದ್ದ ಸೇವ್ಲಿಯೆವೊದಿಂದ ಅಪ್ಪನ ಊರಾದ ಗಾಬ್ರೊವೊಗೆ ಬಸ್ಸು ಹತ್ತಿದಳು. ತಿಥಿ ಇದ್ದದ್ದು ಶನಿವಾರ.

ಅಡುಗೆಮನೆಯಲ್ಲಿ ಹುಳಿ ಕೋಸಿನ ಪೀಪಾಯಿಯ ವಾಸನೆ ತುಂಬಿತ್ತು. ದೋಬ್ರಿ ಕಂಪ್ಯೂಟರಿನ ಪರದೆಗೆ ಬಿಳಿಯ ಟವೆಲ್ ಹೊದಿಸಿದ್ದ. ಸಾವಾದ ಮನೆಯಲ್ಲಿ ಕನ್ನಡಿಗೆ ಮುಸುಕು ಹಾಕುವ ಹಾಗೆಯೇ ಅದರ ನಾಲ್ಕು ಮೂಲೆಗಳನ್ನೂ ಒಪ್ಪವಾಗಿ ಮಡಚಿ ಸಿಕ್ಕಿಸಿದ್ದ.

"ಮೊದಲು ಏನಾದ್ರೂ ತಿನ್ನು, ಮಗಳೇ."

"ಊಟ ಆಮೇಲೆ ಅಪ್ಪಾ. ನೀನು ಏನೇನು ಮುಟ್ಟಿದೆ, ಅದನ್ನ ಹೇಳು."

"ಏನೂ ಮುಟ್ಟಿಲ್ಲ. ಗೋಡೆಯಿಂದ ಪ್ಲಗ್ ಕಿತ್ತೆ, ಅಷ್ಟೇ."

"ಅದೊಂದು ಸರಿ ಮಾಡಿದೆ."

ಹೊಗಳಿಕೆ ಸಿಕ್ಕ ಶಾಲಾ ಹುಡುಗನಂತೆ ಅವನ ಮುಖ ಒಂದು ಕ್ಷಣ ಅರಳಿತು. ಬಿಲ್ಯಾನಾಗೆ ಅದನ್ನು ನೋಡಲಾಗಲಿಲ್ಲ. ಹಾಲಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಪ್ರತಿಯೊಂದು ಮಾದರಿಯನ್ನೂ ಎರಡು ಬಾರಿ ಪರೀಕ್ಷಿಸದೆ ಸಹಿ ಹಾಕಿದವಳಲ್ಲ. ಈ ಮನೆಯ ಕಂಪ್ಯೂಟರಿನ ಶಿಸ್ತನ್ನು ಗೊತ್ತುಮಾಡಿದವಳೂ ಅವಳೇ. ಗುರುತಿಲ್ಲದ ಫೈಲು ತೆರೆಯಬಾರದು. ಯಂತ್ರ ತನ್ನನ್ನು ಪರಿಷ್ಕರಿಸಿಕೊಳ್ಳುತ್ತೇನೆಂದರೆ ತಡೆಯಬಾರದು. ಶನಿವಾರಕ್ಕೊಮ್ಮೆ ಹೊರಗಿನ ಡಿಸ್ಕನ್ನು ಜೋಡಿಸಿ, ಎಲ್ಲವನ್ನೂ ಅದಕ್ಕೆ ನಕಲಿಸಿ, ಕೂಡಲೇ ಬೇರ್ಪಡಿಸಿ ಕಪಾಟಿನಲ್ಲಿಡಬೇಕು. ದೋಬ್ರಿ ನೂಲಿನ ಗಿರಣಿಯಲ್ಲಿ ಮಗ್ಗಗಳ ಮೆಕ್ಯಾನಿಕ್ ಆಗಿದ್ದವನು. ಕ್ರಮ ಎಂದರೇನೆಂದು ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಅವಳು ಟವೆಲ್ ತೆಗೆದು ಯಂತ್ರವನ್ನು ಚಾಲೂ ಮಾಡಿದಳು. ಕಪ್ಪು ಪರದೆಯ ಮೇಲೆ ಒಂದು ಪತ್ರವಿತ್ತು. ನಿಮ್ಮ ಫೈಲುಗಳಿಗೆಲ್ಲ ಬೀಗ ಬಿದ್ದಿದೆ, ಕೀಲಿ ನಮ್ಮ ಬಳಿ ಇದೆ, ಬೆಲೆ ಇಷ್ಟು. ಕೇಳಿದ್ದು ದೇಶದ ದುಡ್ಡಾದ ಲೆವಾ ಅಲ್ಲ, ಕಣ್ಣಿಗೆ ಕಾಣದ ಯಾವುದೋ ನಾಣ್ಯ.

ಅವಳು ಪತ್ರವನ್ನು ಮುಚ್ಚಿ 'ಅಮ್ಮ' ಎಂಬ ಹೆಸರಿನ ಫೋಲ್ಡರನ್ನು ತೆರೆದಳು. ಕಳೆದ ಚಳಿಗಾಲದಲ್ಲಿ, ತನ್ನ ಕಾಯಿಲೆ ಎಲ್ಲಿಗೆ ಮುಟ್ಟುತ್ತದೆಂದು ತಿಳಿದ ಮೇಲೆ, ಸಾವ್ಕಾ ಹಳೆಯ ಫೋಟೋಗಳ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಬಳಿ ಕೂರುತ್ತಿದ್ದಳು. ಒಂದೊಂದನ್ನೇ ಎತ್ತಿ ಹಿಡಿದು, ಅದರಲ್ಲಿ ಯಾರು ಯಾರಿದ್ದಾರೆಂದು ಹೇಳಿ ಧ್ವನಿ ಮುದ್ರಿಸುತ್ತಿದ್ದಳು. ಅವಳ ತವರಿನ ಆ ಮುಖಗಳ ಗುರುತು ಹೇಳಬಲ್ಲವರು ಬೇರೆ ಯಾರೂ ಬದುಕಿರಲಿಲ್ಲ. ಬಿಲ್ಯಾನಾ ಅವುಗಳಲ್ಲಿ ಕೆಲವನ್ನು ಮಾತ್ರ ಕೇಳಿದ್ದಳು. ಉಳಿದವನ್ನು ದುಃಖ ತುಸು ಇಳಿದ ಮೇಲೆ ಕೇಳೋಣವೆಂದು ಎತ್ತಿಟ್ಟಿದ್ದಳು. ಒಂದು ಮಾತು ಮಾತ್ರ ಕಿವಿಯಲ್ಲಿ ಹಾಗೇ ಉಳಿದಿತ್ತು: "ಎಡಗಡೆ ಮೊದಲನೆಯೋಳು ನಮ್ಮ ದೊಡ್ಡತ್ತೆ ರಾದಾ. ಮೂತಿ ನೋಡು, ಹುಳಿ ಕೋಸಿನ ನೀರು ಕುಡಿದೋಳ ಹಾಗೆ. ಅವತ್ತು ಅವಳದೇ ಮದುವೆ ಕಣೇ!"

ಈಗ ಪ್ರತಿ ಫೈಲಿನ ಹೆಸರಿಗೂ ಅರ್ಥವಿಲ್ಲದ ಅಕ್ಷರಗಳ ಬಾಲವೊಂದು ಅಂಟಿಕೊಂಡಿತ್ತು. ಒಂದೂ ತೆರೆಯಲಿಲ್ಲ.

"ಡಿಸ್ಕ್ ಕೊಡು ಅಪ್ಪಾ. ಕಪಾಟಿನಲ್ಲಿ ಇದೆಯಲ್ಲ?"

ದೋಬ್ರಿ ಕಪಾಟಿನ ಕಡೆ ಹೋಗಲಿಲ್ಲ. ಮೇಜಿನ ಹಿಂದಕ್ಕೆ ಕೈ ಹಾಕಿ, ಕಂಪ್ಯೂಟರಿಗೆ ಜೋಡಿಸಿಯೇ ಇದ್ದ ಡಿಸ್ಕನ್ನು ಮುಂದೆ ತಂದಿಟ್ಟ.

"ಯಾವಾಗಿಂದ ಇದು ಇಲ್ಲಿದೆ?"

"ಅವಳನ್ನ ಮಣ್ಣು ಮಾಡಿ ಬಂದ ದಿನದಿಂದ."

"ನಾನು ಎಷ್ಟು ಸಲ ಹೇಳಿದ್ದೆ! ಕಾಪಿ ಆದ ತಕ್ಷಣ ಕೀಳು, ಕೀಳು ಅಂತ ಬಡ್ಕೊಂಡಿದ್ದೆ."

"ಹೇಳಿದ್ದೆ. ನೀನು ಹೇಳಲಿಲ್ಲ ಅಂತ ನಾನು ಅಂದ್ನಾ?" ಅವನು ಕುರ್ಚಿ ಎಳೆದುಕೊಂಡು ಕುಳಿತ. "ದಿನಾ ಬೆಳಗ್ಗೆ ಕಾಫಿ ಕುಡಿಯುವಾಗ ಅವಳ ಮಾತು ಕೇಳ್ತಿದ್ದೆ. ಕ್ಯಾಸೆಟ್ ಹಾಕಿದಷ್ಟೂ ಸವೀತದೆ, ಗೊತ್ತಲ್ಲ. ಅದಕ್ಕೇ ಮೂಲಾನ ಮುಟ್ಟಲಿಲ್ಲ, ನಕಲಿಂದ ಕೇಳಿದೆ. ಮೂಲ ನಿನಗೆ ಇರಲಿ ಅಂತ."

"ಅಪ್ಪಾ, ಇದು ಸವೆಯೋದೇ ಇಲ್ಲ."

"ನನಗೇನು ಗೊತ್ತು? ಮಗ್ಗದ ಪಟ್ಟಿ ಸವೀತದೆ, ಹಲ್ಲು ಸವೀತದೆ, ಮನುಷ್ಯನೇ ಸವೆದು ಹೋಗ್ತಾನೆ. ದನಿ ಒಂದು ಸವೆಯಲ್ಲ ಅಂದ್ರೆ ಹೇಗೆ ನಂಬೋದು?"

ಡಿಸ್ಕಿನ ಫೈಲುಗಳಿಗೂ ಅದೇ ಬಾಲ ಅಂಟಿತ್ತು. ಅವಳಿಗೆ ಕೂಗಾಡಬೇಕೆನಿಸಿತು. ಕೂಗಾಡುವಂಥ ತಪ್ಪನ್ನು ಹುಡುಕಿದಳು, ಸಿಗಲಿಲ್ಲ.

ಪಕ್ಕದ ಮನೆಯ ಗೇನಾ ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ಚೀಸು ತುಂಬಿ ಸುಟ್ಟ ಬಿಸಿ ಬಾನಿತ್ಸಾ ಹಿಡಿದು ಒಳಗೆ ಬಂದಳು. ಸಾವ್ಕಾಳ ಗೆಳತಿ ಅವಳು. ಬಾಗಿಲು ತಟ್ಟುವ ಅಭ್ಯಾಸವಿರಲಿಲ್ಲ.

"ಏನಂತೆ ದೋಬ್ರಿಯಣ್ಣ? ನಿನ್ನ ಪೆಟ್ಟಿಗೆಗೆ ಕಳ್ಳರು ಬೀಗ ಹಾಕಿದಾರಂತೆ? ಬೀದಿಯಲ್ಲೆಲ್ಲ ಅದೇ ಮಾತು."

"ಬೀದಿಗೆ ಹೇಳಿದೋರು ಯಾರು?"

"ನಾನೇ. ಮತ್ತೆ ಯಾರು ಹೇಳಬೇಕು?" ಅವಳು ತಟ್ಟೆಯನ್ನಿಟ್ಟು ಬಿಲ್ಯಾನಾಳ ಕೆನ್ನೆ ಸವರಿದಳು. "ತಿನ್ನೇ ಹುಡುಗಿ, ಕಡ್ಡಿಯ ಹಾಗೆ ಆಗಿದೀಯ."

"ಅವರು ಕೇಳಿದ್ದನ್ನ ಕೊಟ್ಟುಬಿಡ್ತೀನಿ. ಕಾರು ಮಾರ್ತೀನಿ," ಎಂದ ದೋಬ್ರಿ.

"ಅಯ್ಯೋ ದೇವರೇ! ಗಡಿಯಾರ ಸವೆದೀತು ಅಂತ ರಾತ್ರಿ ಹೊತ್ತು ನಿಲ್ಲಿಸಿ ಮಲಗಿದ ಜಿಪುಣರ ಊರು ಇದು. ಗಾಬ್ರೊವೊದೋನು ಕಳ್ಳನನ್ನ ಹುಡುಕಿಕೊಂಡು ಹೋಗಿ ದುಡ್ಡು ಕೊಟ್ಟ ಅಂದ್ರೆ ನಿನ್ನಜ್ಜ ಗೋರಿ ಒಡೆದು ಎದ್ದು ಬರ್ತಾನೆ." ಗೇನಾ ನಗಲು ಹೋದಳು. ಆ ಫೈಲುಗಳಲ್ಲಿ ಏನಿತ್ತೆಂಬುದು ಆಗ ಅವಳ ನೆನಪಿಗೆ ಬಂದಿರಬೇಕು. ಏಪ್ರನ್ನಿನ ಅಂಚನ್ನು ಬಾಯಿಗೊತ್ತಿ ಕಿಟಕಿಯತ್ತ ತಿರುಗಿ ನಿಂತಳು.

ಗುರುವಾರ ಬಿಲ್ಯಾನಾ ಆ ಇಮೇಲನ್ನು ಪತ್ತೆ ಹಚ್ಚಿದಳು. ಕಳುಹಿಸಿದವನ ಹೆಸರು ಪೆಂಚೋ. ಗಿರಣಿಯಲ್ಲಿ ದೋಬ್ರಿಯ ಜೊತೆ ದುಡಿದವನು. ವಿಷಯದ ಜಾಗದಲ್ಲಿ 'ದುಃಖದ ಸುದ್ದಿ' ಎಂದಿತ್ತು. ಜೊತೆಗಿದ್ದ ಫೈಲಿನ ಹೆಸರು 'ಶೋಕಪತ್ರ'. ತೆರೆದರೆ ಕಪ್ಪು ಅಂಚು, ಶಿಲುಬೆ, ಭಾವಚಿತ್ರ ಇರಬೇಕಾದ ಕಡೆ ಬೂದುಬಣ್ಣದ ಖಾಲಿ ಚೌಕ, ಮತ್ತು 'ಚಿತ್ರ ಕಾಣಲು ಅನುಮತಿ ಕೊಡಿ' ಎಂಬ ಗುಂಡಿ. ಪೆಂಚೋಗೆ ಫೋನು ಮಾಡಿದಾಗ ಅವನೇ ಎತ್ತಿಕೊಂಡ. ಯಾರೋ ತನ್ನ ಇಮೇಲ್ ಖಾತೆಗೆ ನುಗ್ಗಿದ್ದಾರೆ, ತಾನಂತೂ ಸತ್ತಿಲ್ಲ, ಪರಿಚಿತರಿಗೆಲ್ಲ ಬೆಳಗಿನಿಂದ ಅದನ್ನೇ ಹೇಳಿ ಗಂಟಲು ಒಣಗಿದೆ ಎಂದ.

"ಇದನ್ನ ಯಾಕೆ ತೆರೆದೆ ಅಪ್ಪಾ?"

"ಶೋಕಪತ್ರ ಅಂತ ಇತ್ತಲ್ಲ."

"ಗುಂಡಿ ಯಾಕೆ ಒತ್ತಿದೆ?"

"ಮುಖ ಕಾಣಲಿಲ್ಲ." ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾದೀತೆಂದು ಅವನು ಎಣಿಸಿರಲಿಲ್ಲವೆಂದು ತೋರುತ್ತದೆ. "ಸಾವ್ಕಾಳದ್ದನ್ನ ಎಲ್ಲರೂ ನಿಂತು ಓದಿದರು, ಬಿಲ್ಯಾನಾ. ನಾನು ಬಸ್ ನಿಲ್ದಾಣದಲ್ಲಿ ನೋಡ್ತಾ ಇದ್ದೆ. ಗುರುತಿಲ್ಲದೋರು ಕೂಡ ಚೀಲ ಕೆಳಗಿಟ್ಟು ಓದಿ ಹೋದರು. ಇನ್ನೊಬ್ಬರ ಮನೆಯದು ನನಗೆ ಬಂದಾಗ, ಯಾರು ಸತ್ತರು ಅಂತ ಕೂಡ ನೋಡದೆ ಅಳಿಸಿಹಾಕಲಾ?"

ಬುಧವಾರ ಬಸ್ಸು ಇಳಿದ ಕೂಡಲೇ ಬಿಲ್ಯಾನಾಳೂ ಆ ಕಂಬದ ಮುಂದೆ ನಿಂತು, ತನ್ನ ತಾಯಿಯದಲ್ಲದ ಪತ್ರಗಳನ್ನೂ ಒಂದೊಂದಾಗಿ ಓದಿಯೇ ಬಂದಿದ್ದಳು.

ಇಂಥ ಬೀಗಗಳ ಪೈಕಿ ಒಡೆದವುಗಳ ಕೀಲಿಯನ್ನು ಉಚಿತವಾಗಿ ಹಂಚುವ ಜಾಲತಾಣವೊಂದಿತ್ತು. ಕಳ್ಳರ ಪತ್ರವನ್ನೂ ಹಾಳಾದ ಎರಡು ಫೈಲುಗಳನ್ನೂ ಅವಳು ತಾನು ತಂದಿದ್ದ ಲ್ಯಾಪ್‌ಟಾಪಿನಿಂದ ಅಲ್ಲಿಗೆ ಕಳುಹಿಸಿದಳು. ಬೀಗದ ಜಾತಿ ಗೊತ್ತಾಯಿತು. ಅದಕ್ಕೆ ಕೀಲಿ ಈವರೆಗೆ ಸಿಕ್ಕಿಲ್ಲವೆಂಬ ಉತ್ತರ ಬಂತು. ಡಿಸ್ಕನ್ನು ಚೌಕದ ಬಳಿಯ ರಿಪೇರಿ ಅಂಗಡಿಗೆ ಒಯ್ದಳು. ಅಂಗಡಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡುವ ನಾಟಕವಾಡಲಿಲ್ಲ.

"ಇದೇ ಬೀಗ, ಬೇಸಿಗೆಯಲ್ಲೂ ಒಬ್ಬರು ತಂದಿದ್ದರು. ಕೇಳಿದ್ದನ್ನ ಕೊಟ್ಟರು. ಕೀಲಿ ಬರಲಿಲ್ಲ, ಇನ್ನಷ್ಟು ಕೊಡಿ ಅನ್ನೋ ಪತ್ರ ಬಂತು. ನಿಮ್ಮಪ್ಪನಿಗೆ ಹೇಳಿ, ಕಾರು ಇಟ್ಟುಕೊಳ್ಳಲಿ."

ಸಂಜೆ ತಂದೆ ಮಗಳು ಫೋಟೋಗಳ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟುಕೊಂಡು ಕುಳಿತರು. ಆರು ತಿಂಗಳು ಕೇಳಿದವನಿಗೆ ಕೆಲವಾದರೂ ನೆನಪಿರಬೇಕೆಂದು ಬಿಲ್ಯಾನಾ ಲೆಕ್ಕ ಹಾಕಿದ್ದಳು. ಕುರಿಗಳ ಮುಂದೆ ನಿಂತ ಹೆಂಗಸಿನ ಚಿತ್ರವನ್ನು ಎತ್ತಿ ತೋರಿಸಿದಳು.

"ಇದು ಯಾರು ಅಂದಿದ್ದಳು ಅಮ್ಮ?"

ದೋಬ್ರಿ ಕನ್ನಡಕವನ್ನು ಹಣೆಗೇರಿಸಿ ಚಿತ್ರವನ್ನು ಹತ್ತಿರಕ್ಕೆ ಹಿಡಿದ. "ಇಲ್ಲಿ ಅವಳಿಗೆ ಕೆಮ್ಮು ಬಂತು. ಕೆಮ್ಮಿ, ಒಂದು ಗುಟುಕು ನೀರು ಕುಡಿದು, 'ಕ್ಷಮಿಸು' ಅಂದಳು. ಆಮೇಲೆ ಹೆಸರು ಹೇಳಿದಳು."

"ಯಾವ ಹೆಸರು?"

ಅವನು ಚಿತ್ರವನ್ನು ಮೇಜಿನ ಮೇಲಿಟ್ಟ. "ಕೆಮ್ಮಿದ್ದು ನೆನಪಿದೆ, ಮಗಳೇ. ಹೆಸರು ನಾನು ಕೇಳಿಸಿಕೊಂಡೇ ಇಲ್ಲ. ನಾನು ಕೇಳ್ತಾ ಇದ್ದದ್ದು ಅವಳನ್ನ."

ಇನ್ನೊಂದು ಚಿತ್ರ, ಮತ್ತೊಂದು ಚಿತ್ರ. ಒಂದರಲ್ಲಿ ಅವಳು ನಕ್ಕಿದ್ದಳು, ಒಂದರಲ್ಲಿ ಹೊರಗೆ ನಾಯಿ ಬೊಗಳಿತ್ತು. ಮುಖಗಳೆಲ್ಲ ಪೆಟ್ಟಿಗೆಗೆ ಹೆಸರಿಲ್ಲದೆ ಮರಳಿದವು.

ಶುಕ್ರವಾರ, ತಿಥಿಗೆ ಹಂಚುವ ಗೋಧಿ ಬೇಯುತ್ತಿದ್ದಾಗ ಬಿಲ್ಯಾನಾಗೆ ಅದು ಹೊಳೆಯಿತು. ಸಾವ್ಕಾ ಮಾತನಾಡಿದ್ದು ಕಂಪ್ಯೂಟರಿನ ಮುಂದೆ ಅಲ್ಲ, ತನ್ನ ಫೋನಿನಲ್ಲಿ. ಅಲ್ಲಿಂದ ಎಲ್ಲವನ್ನೂ ನಕಲಿಸಿದವಳು ತಾನೇ. ಫೋನಿನಿಂದ ಒಂದನ್ನೂ ಅಳಿಸಿರಲಿಲ್ಲ.

"ಅಪ್ಪಾ, ಅಮ್ಮನ ಫೋನ್ ಎಲ್ಲಿದೆ?"

ವಾಲ್‌ನಟ್ ಒಡೆಯುತ್ತಿದ್ದ ದೋಬ್ರಿ ತಲೆಯೆತ್ತಲಿಲ್ಲ. "ಅವಳ ಹತ್ತಿರಾನೇ ಇದೆ."

"ಅಂದ್ರೆ?"

"ಕನ್ನಡಕ, ಬಾಚಣಿಗೆ, ಫೋನು. ಗೇನಾ ಶವಪೆಟ್ಟಿಗೆ ಮುಚ್ಚೋ ಮುಂಚೆ ಬಲಗಡೆ ಇಟ್ಟಳು. ದಿನಾ ಕೈಯಲ್ಲಿ ಹಿಡಿದದ್ದನ್ನ ಜೊತೇಲಿ ಕಳಿಸಬೇಕು. ನೀನು ಆಗ ಹೊರಗೆ ಪಾದ್ರಿ ಜೊತೆ ಮಾತಾಡ್ತಿದ್ದೆ."

ಅಂದು ಮಧ್ಯಾಹ್ನ ಅವಳು ಮತ್ಯಾವ ಕೆಲಸವನ್ನೂ ಸರಿಯಾಗಿ ಮಾಡಲಿಲ್ಲ. ಬ್ಯಾಟರಿ ಸತ್ತಿರುತ್ತದೆ, ಅದು ದೊಡ್ಡದಲ್ಲ. ಯಾಂತ್ರಾ ನದಿಯ ಕಡೆಯ ಸ್ಮಶಾನದ ಇಳಿಜಾರಿನ ಮಣ್ಣು ತೇವ ಹಿಡಿಯುತ್ತದೆ. ಆದರೆ ಮೆಮೊರಿ ಚಿಪ್ ತೇವಕ್ಕೆ ಅಷ್ಟು ಬೇಗ ಹಾಳಾಗುವಂಥದ್ದಲ್ಲ. ಸಾಧ್ಯತೆ ಇತ್ತು. ಆ ಸಾಧ್ಯತೆಗಾಗಿ ಏನನ್ನು ತೆರೆಯಬೇಕಾಗುತ್ತದೆ, ಅಲ್ಲಿ ಇನ್ನೇನು ಕಾಣುತ್ತದೆ ಎಂಬಲ್ಲಿಗೆ ಬಂದು ಅವಳ ಲೆಕ್ಕ ನಿಂತುಬಿಡುತ್ತಿತ್ತು. ಆದರೂ ಸ್ಮಶಾನದ ಕಚೇರಿಗೆ ಫೋನು ಮಾಡಿ ಹೆಸರು ಹೇಳದೆ ಕೇಳಿದಳು. ಮನೆಯ ಹಿರಿಯರು ಒಪ್ಪಿ ಬರೆದುಕೊಟ್ಟರೆ ನೋಡಬಹುದು ಎಂದರು. ಮನೆಯ ಹಿರಿಯನೆಂದರೆ ದೋಬ್ರಿ.

ಶನಿವಾರ ಮಂಜು ಕವಿದಿತ್ತು. ಪಾದ್ರಿ ಪ್ರಾರ್ಥನೆ ಮುಗಿಸಿ, ಗೋರಿಯ ಮೇಲೆ ಕೆಂಪು ವೈನ್ ಸುರಿದು ಹೊರಟುಹೋದ. ಗೇನಾ ಬಂದವರ ಕೈಗೆ ಬೇಯಿಸಿದ ಗೋಧಿಯನ್ನೂ ಬ್ರೆಡ್ಡನ್ನೂ ಕೊಡುತ್ತಾ ಸಾಗಿದಳು. ಪಡೆದವರೆಲ್ಲ "ದೇವರು ಅವಳನ್ನ ಕ್ಷಮಿಸಲಿ" ಎನ್ನುತ್ತಿದ್ದರು. ಜನ ಗೇಟಿನತ್ತ ಸರಿದ ಮೇಲೆ ತಂದೆ ಮಗಳಿಬ್ಬರೇ ಉಳಿದರು. ಗಾಳಿಗೆ ಆರಿದ ಮೇಣದಬತ್ತಿಯನ್ನು ದೋಬ್ರಿ ಮತ್ತೆ ಹಚ್ಚಿದ.

"ಅಪ್ಪಾ, ಆ ಫೋನಿನ ವಿಷಯ..."

"ನನಗೂ ನಿನ್ನೆಯಿಂದ ಅದೇ ಯೋಚನೆ." ಅವನು ಬತ್ತಿಯ ಸುತ್ತ ಅಂಗೈ ಮರೆಮಾಡಿ ಮಂಡಿಯೂರಿ ಕುಳಿತೇ ಇದ್ದ. "ಎಲ್ಲಾನೂ ಹಾಳು ಮಾಡಿದೆ ನಾನು. ಬೇಡ ಅಂದ ಫೈಲು ತೆರೆದೆ, ಕೀಳು ಅಂದ ಡಿಸ್ಕ್ ಕೀಳಲಿಲ್ಲ. ಆದ್ರೆ ಅದೊಂದನ್ನ ಮಾತ್ರ ನೀನು ಹೇಳಿದ ಹಾಗೇ ಮಾಡಿದೀನಿ."

"ಏನು ಮಾಡಿದೆ?"

"ಹಳೇ ಫೋನ್ ಕೈ ಬಿಡೋ ಮುಂಚೆ ಒಳಗಿರೋದನ್ನೆಲ್ಲ ಅಳಿಸಬೇಕು, ಯಾರ ಕೈಗೆ ಸಿಗ್ತದೋ ಗೊತ್ತಿಲ್ಲ ಅಂತ ಹೇಳಿರಲಿಲ್ವಾ? ಪೆಟ್ಟಿಗೆಗೆ ಇಡೋ ಮೊದಲು ಕೂತು ಎಲ್ಲ ಅಳಿಸಿದೆ. ಖಾಲಿ ಆಗಿದೆ ಅಂತ ಅದೇ ಬರೆದು ತೋರಿಸ್ತು. ಹೇಗೂ ಎಲ್ಲ ಕಂಪ್ಯೂಟರಿಗೆ ಹೋಗಿತ್ತಲ್ಲ, ಅದರಲ್ಲಿ ಇನ್ನೇನಿತ್ತು?" ಅವನು ಅವಳತ್ತ ಮುಖವೆತ್ತಿದ. "ಅಷ್ಟಾದ್ರೂ ಸರಿ ಮಾಡಿದ್ನಾ, ಮಗಳೇ?"

ಬಿಲ್ಯಾನಾ ಅವನ ಮೊಣಕೈ ಹಿಡಿದು ಎಬ್ಬಿಸಿದಳು. ಅವನ ಮಂಡಿಗೆ ಹತ್ತಿದ ಒದ್ದೆ ಮಣ್ಣನ್ನು ಕೊಡವಿದಳು.

"ಸರಿಯಾಗೇ ಮಾಡಿದೀಯ ಅಪ್ಪಾ."

ಅವನು ತಲೆಯಾಡಿಸಿ, ಗೇನಾ ಕಾಯುತ್ತಿದ್ದ ಗೇಟಿನತ್ತ ನಡೆದ. ಅವಳು ಅಲ್ಲೇ ನಿಂತು ನಡೆದದ್ದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಪರಿಶೀಲಿಸಿದಳು. ಫಲಿತಾಂಶ ಬದಲಾಗಲಿಲ್ಲ: ಸಾವ್ಕಾಳ ದನಿಯ ಎರಡು ಪ್ರತಿಗಳು ನಿಯಮ ಮುರಿದದ್ದರಿಂದ ಹೋದವು, ಮೂರನೆಯದು ನಿಯಮ ಪಾಲಿಸಿದ್ದರಿಂದ.