ಒದ್ದೆ ಗೋಣಿಯ ಕೆಳಗಿನ ಉಸಿರು

ಬಿಧಾನ್ ಏಡಿ ಹಿಡಿಯಲು ದೋಣಿಯಲ್ಲಿ ಹುಲಿಕಾಡಿಗೆ ಹೋಗಿ ಹನ್ನೊಂದು ದಿನವಾಗಿತ್ತು. ಹೇಳಿಹೋದದ್ದು ಎಂಟು. ಆ ಮನೆಯ ಪದ್ಧತಿಯಂತೆ ಒಂದು ಏಡಿಯ ಕೊಂಡಿ ಕಟ್ಟಿ, ಒದ್ದೆ ಗೋಣಿಯ ಕೆಳಗೆ ಇಟ್ಟುಹೋಗಿದ್ದ. ಅದು ಉಸಿರಾಡುತ್ತಿರುವವರೆಗೆ ಕಾಡಿನಲ್ಲಿ ಗಂಡನೂ ಉಸಿರಾಡುತ್ತಾನಂತೆ. ಹೆಂಡತಿ ಶೆಫಾಲಿ ತಲೆಗೆ ಎಣ್ಣೆ ಮುಟ್ಟಿಸದೆ ಅದರ ಮುಂದೆಯೇ ಕೂತಿದ್ದಳು. ಎದ್ದರೆ ಎಲ್ಲಿ ಪ್ರಾಣ ಬಿಟ್ಟೀತೋ ಎಂಬ ಭಯ.

ಮಧ್ಯಾಹ್ನ ಸಮುದ್ರದ ಇಳಿತಕ್ಕೆ ಹೊಳೆಯ ನೀರು ತಗ್ಗಿ ಕೆಸರು ತೆರೆದುಕೊಂಡಿತ್ತು. ಉಪ್ಪುನೀರಲ್ಲಿ ಬೆಳೆಯುವ ಸುಂದರಿ ಮರದ ಬೇರುಗಳು ಕೆಸರಿನಿಂದ ಮೂಗೆತ್ತಿ ಗಾಳಿ ಕುಡಿಯುತ್ತಿದ್ದವು. ಪ್ರತಿ ಏಡಿಬಿಲದಲ್ಲೂ ಗುಳ್ಳೆ ಎದ್ದು ಒಡೆಯುತ್ತಿತ್ತು. ಇಡೀ ದಂಡೆಯೇ ಮಲಗಿ ಉಸಿರಾಡುತ್ತಿದೆ ಅನ್ನಿಸಿ ಅವಳಿಗೆ ಜೊಂಪು ಹತ್ತಿತು.

ಕಣ್ಣು ಬಿಟ್ಟಾಗ ಏಡಿಯ ಬಾಯಿತುಂಬ ನೊರೆ. ಶೆಫಾಲಿ ಒಣನಾಡಾದ ಬಾಂಕುರಾದಿಂದ ಬಂದ ಹುಡುಗಿ. ಪಾಪ, ಬಾಯಾರಿದೆ ಅಂದುಕೊಂಡಳು. ಮಡಕೆಗೆ ಕಂಠಮಟ್ಟ ನೀರು ತುಂಬಿ, ಏಡಿಯನ್ನು ಅದರೊಳಗೆ ಬಿಟ್ಟು, ಮುಚ್ಚಳ ಹಾಕಿದಳು. ನೆಮ್ಮದಿಯಾಗಿ ನಿದ್ದೆಯೇ ಬಂತು. ಕನಸಿನಲ್ಲಿ ಅವಳೂ ಬಿಧಾನನೂ ನೀರಿನಡಿಯಲ್ಲಿ ಕೈಹಿಡಿದು ನಡೆಯುತ್ತಿದ್ದರು. ಮಾತಾಡಿದರೆ ಗುಳ್ಳೆ, ನಕ್ಕರೂ ಗುಳ್ಳೆ.

"ಬೌಮಾ, ಏಳೇ! ಏಡಿ ಎಲ್ಲಿ?" ಅತ್ತೆ ಖೀರೋದಾ ಸೊಸೆಯ ಭುಜ ಅಲ್ಲಾಡಿಸುತ್ತಿದ್ದಳು.

"ಮಡಕೇಲಿದೆ ಅಮ್ಮಾ. ಬಾಯಾರಿತ್ತು."

"ಅಯ್ಯೋ ನನ್ನ ಒಣಮಣ್ಣಿನ ಸೊಸೆಯೇ! ನೊರೆ ಬಂದ್ರೆ ಗೋಣಿ ಮೇಲೆ ಒಂದು ಬೊಗಸೆ ಚಿಮುಕಿಸ್ಬೇಕು, ಅಷ್ಟೇ. ಅದರ ಕಿವಿರಿಗೆ ಪಸೆ ಸಾಕು. ಮಡಕೆ ನೀರಲ್ಲಿರೋ ಉಸಿರನ್ನೆಲ್ಲ ಕುಡಿದು ಮುಗಿಸಿದ ಮೇಲೆ ಇನ್ನೇನು ಕುಡಿಯುತ್ತೆ?"

ಮುಚ್ಚಳ ತೆಗೆದರು. ಏಡಿಯ ಕಾಲುಗಳು ಜೋತುಬಿದ್ದಿದ್ದವು. ಶೆಫಾಲಿ "ನಾನೇ ಅವರನ್ನ ಕೊಂದೆ" ಎಂದು ಗೋಡೆಗೆ ಒರಗಿದಳು.

ಖೀರೋದಾ ಸೆರಗಿನಿಂದ ಸೊಸೆಯ ಮುಖ ಒರೆಸಿದಳು.

"ಮದುವೆಯಾದ ವರ್ಷ ನಾನೂ ಹೀಗೇ ಮುಳುಗಿಸಿದ್ದೆ ಕಣೇ. ಮಾರನೇ ದಿನ ನಿನ್ನ ಮಾವ ಕಾಡಿಂದ ಬಂದು, ಅದನ್ನೇ ಸಾರು ಮಾಡಿಸ್ಕೊಂಡು ಉಂಡ."

"ಮತ್ತೆ ಏಡಿ ಯಾಕೆ ಇಡೋದು?"

"ಹೋದವನ ಉಸಿರು ನಮ್ಮ ಕೈಲಿದೆಯೇನೇ? ಕಾಯೋಳಿಗೆ ಕೈಗೊಂದು ಕೆಲಸ ಬೇಕು. ನೀರು ಚಿಮುಕಿಸ್ತಾ ನೀನೂ ಉಸಿರಾಡ್ತಿರ್ಬೇಕು ಅಂತ."

ಶೆಫಾಲಿ ಹನ್ನೊಂದು ದಿನದಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟು ಗಳಗಳನೆ ಅತ್ತಳು. ಹೊರಗೆ ನೀರು ಮತ್ತೆ ಏರತೊಡಗಿತ್ತು. ಇಬ್ಬರೂ ದಂಡೆಯಲ್ಲಿ ಕೂತರು.

ಬಿಸಿಲು ಬಾಗುವ ಹೊತ್ತಿಗೆ ಹೊಳೆಯ ತಿರುವಿನಿಂದ ಕೂಗು ಕೇಳಿಸಿತು.

"ಅಮ್ಮಾ! ಏಡಿ ಬದುಕಿದೆಯಾ?"

ಶೆಫಾಲಿ ನೀರಿಗೇ ಇಳಿದಳು. ಅತ್ತೆ ಎದ್ದು ನಿಂತು ಕೂಗಿದಳು: "ಸಾರಿಗೆ ಬಿತ್ತು ಕಣೋ! ಬೇಗ ಬಾ, ಆರೋಗುತ್ತೆ!"