ರೇಡಿಯೊಗೆ ಉತ್ತರ ಕೊಡುತ್ತಿದ್ದ ಮೇಷ್ಟ್ರು

ಪುಟ್ಟಬಸಪ್ಪ ಮೇಷ್ಟ್ರು ರೇಡಿಯೊಗೆ ಉತ್ತರ ಕೊಡುತ್ತಿದ್ದರು. ಅದೂ ಕುಳಿತಲ್ಲಿಂದಲ್ಲ, ಎದ್ದು ನಿಂತು, ಮಾಸಿದ ಕಂದು ಕೋಟನ್ನು ಸರಿಪಡಿಸಿಕೊಂಡು. ವಾರ್ತೆ ಓದುವವರು ನಮಸ್ಕಾರ ಎಂದರೆ ಇವರೂ ಕೈಮುಗಿಯುವರು. "ಅದಕ್ಕೇನ್ ಕಿವಿ ಅದಾ ಮೇಷ್ಟ್ರೇ?" ಎಂದು ಟೀ ಅಂಗಡಿಯ ಚಿಕ್ಕಣ್ಣ ಕಿಚಾಯಿಸಿದರೆ, "ಅದ್ಕಿಲ್ದಿದ್ರೆ ಬುಡ್ಲಾ, ನಮ್ಗೆ ಬಾಯಿಲ್ವಾ?" ಎನ್ನುತ್ತಿದ್ದರು.

ತೊಂಬತ್ತರ ದಶಕದ ಆ ವರ್ಷಗಳಲ್ಲಿ ಅವರು ಚಾಮರಾಜನಗರದಿಂದ ದಿನವೂ ಬಸ್ಸು ಹಿಡಿದು ಗುಂಡ್ಲುಪೇಟೆಯಾಚೆಯ ಪುಟ್ಟ ಶಾಲೆಗೆ ಬರುತ್ತಿದ್ದರು. ಬಿಸಿಲಿಗಿಟ್ಟು ಜೀವ ಬರಿಸಿದ ರೇಡಿಯೊ ಶೆಲ್ಲುಗಳು ಕೋಟಿನ ಬಲಜೇಬಿನಲ್ಲೇ ಇರುತ್ತಿದ್ದುದರಿಂದ ಅವರ ನಡಿಗೆ ಸದಾ ಒಂದು ಕಡೆಗೆ ವಾಲುತ್ತಿತ್ತು. ಇಲಾಖೆ ಕೊಟ್ಟ ರೇಡಿಯೊದಲ್ಲಿ ಮಧ್ಯಾಹ್ನ ಮಕ್ಕಳ ಪಾಠ ಬರುತ್ತಿತ್ತು. ಬೇರೆ ಶಾಲೆಗಳ ಮಕ್ಕಳು ಕೈಕಟ್ಟಿ, ತುಟಿಯ ಮೇಲೆ ಬೆರಳಿಟ್ಟು ಕೇಳುವ ಪಾಠ. ದೂರದ ನಿಲಯದಲ್ಲಿ ಕುಳಿತ ಅಕ್ಕ ಪ್ರಶ್ನೆ ಕೇಳಿ, ಉಸಿರೆಳೆಯುವಷ್ಟು ಹೊತ್ತು ಸುಮ್ಮನಿದ್ದು, ತಾನೇ ಉತ್ತರ ಹೇಳಿಬಿಡುವುದನ್ನು ಮೇಷ್ಟ್ರಿಗೆ ಸಹಿಸಲಾಗುತ್ತಿರಲಿಲ್ಲ. ಪ್ರಶ್ನೆ ಬಂದೊಡನೆ ಸದ್ದಿನ ಗುಂಡಿಯನ್ನು ಪೂರಾ ತಿರುಗಿಸಿ ರೇಡಿಯೊದ ಬಾಯಿ ಮುಚ್ಚಿಸುವರು. ಹಿಂದಿನ ಸಾಲಿನ ಮಗುವೂ ಏನಾದರೊಂದು ಹೇಳುವ ತನಕ ತೆರೆಯರು. ಅಷ್ಟರಲ್ಲಿ ಅರ್ಧ ಪಾಠ ಗಾಳಿಪಾಲಾಗಿರುತ್ತಿತ್ತು, ಅವರಿಗದರ ಚಿಂತೆಯಿಲ್ಲ.

ಸುದ್ದಿ ಮುಟ್ಟಿ ಶಾಲಾ ಇನ್‌ಸ್ಪೆಕ್ಟರು ಬಂದರು. ಪಾಠ ಪೂರ್ತಿ ಕೇಳಿಸದಿದ್ದರೆ ರೇಡಿಯೊವನ್ನು ಬೇರೆ ಶಾಲೆಗೆ ಕೊಡುವುದಾಗಿ ಮೊದಲೇ ಹೇಳಿ ಕುಳಿತರು. ಮಳೆಗೆ ಮುಂಚೆ ಇರುವೆಗಳು ಏನು ಮಾಡುತ್ತವೆ ಎಂದು ರೇಡಿಯೊ ಕೇಳಿತು. ಮೇಷ್ಟ್ರ ಬೆರಳು ಗುಂಡಿಯ ಮೇಲೇ ನಿಂತಿತು. ಆ ಪೆಟ್ಟಿಗೆಯೆಂದರೆ ಅವರಿಗೆ ಪ್ರಾಣ. ಆದರೆ ಶಾಲೆ ಸೇರಿದಂದಿನಿಂದ ತರಗತಿಯಲ್ಲಿ ಬಾಯಿಬಿಡದಿದ್ದ ಮಂಗಳಗೌರಿ, ಅಂದು ಮೊದಲ ಸಲ ತಲೆಯೆತ್ತಿದ್ದಳು. ಗುಂಡಿ ತಿರುಗಿತು.

"ಯೋಳು ಕಣಮ್ಮಿ, ನಿಧಾನ್ಕೆ ಯೋಳು."

ಅವಳ ತುಟಿ ಅಲುಗಿತು, ಮಾತು ಬರಲಿಲ್ಲ. ಇನ್‌ಸ್ಪೆಕ್ಟರು ಗಡಿಯಾರ ನೋಡಿದರು. ಮೇಷ್ಟ್ರು ಕಾದರು, ಕಾಯುತ್ತಲೇ ಇದ್ದರು. ಸದ್ದಿಲ್ಲದೆ ಪಾಠ ಮುಗಿದುಹೋಗಿ ರೇಡಿಯೊ ಜೀಪು ಹತ್ತಿತು.

ಮಾರನೆಯ ದಿನ ಅದೇ ಹೊತ್ತಿಗೆ ಮೇಷ್ಟ್ರು ಶಾಲೆಯ ಹೊರಗೆ, ಕಿಟಕಿಯ ಕೆಳಗೆ ಅವಿತು ಕುಳಿತು, ಆ ಅಕ್ಕನ ಧ್ವನಿಯಲ್ಲೇ ಪಾಠ ಶುರುಮಾಡಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಇರುವೆಯ ಪ್ರಶ್ನೆ ಮತ್ತೆ ಬಂತು. ಅನುಕರಣೆಯ ಉಮೇದಿನಲ್ಲಿ ಮೇಷ್ಟ್ರು ತಾವೇ ಉತ್ತರಕ್ಕೆ ಬಾಯಿ ತೆರೆದದ್ದೂ ಆಯಿತು. ಆಗ ಒಳಗಿನಿಂದ, ಆ ತರಗತಿ ಎಂದೂ ಕೇಳಿರದ ದನಿಯೊಂದು ತಡೆಯಿತು.

"ಸೌಂಡ್ ಕಮ್ಮಿ ಮಾಡಿ ಸಾ, ನಾನ್ ಯೋಳ್ತೀನಿ. ಮೊಟ್ಟೆ ಕಚ್ಕಂಡು ಮ್ಯಾಕ್ಕೆ ಓಯ್ತವ."

ಮಂಗಳಗೌರಿ! ಮೇಷ್ಟ್ರು ಕಿಟಕಿಯ ಕೆಳಗೇ ಕುಳಿತು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು.

ಕಲಿಸುವವರಲ್ಲಿ ಹೇಳಿ ಮುಗಿಸುವವರೇ ಬಹಳ ಮಂದಿ. ಕೇಳಿ, ಸುಮ್ಮನೆ ಕಾಯಬಲ್ಲವರು ವಿರಳ. ಅಂಥವರ ಕೈಯಲ್ಲಿ ಪಾಠ ಯಾವಾಗಲೂ ಅರ್ಧಕ್ಕೇ ನಿಲ್ಲುತ್ತದೆ, ಉಳಿದರ್ಧವನ್ನು ಮಕ್ಕಳೇ ಹೇಳಲಿ ಎಂದು.