ಗಾದೆಪ್ಪ ಗುಡ್ಡಕ್ಕೆ ಬೆಂಕಿ ಹಚ್ಚದ ವರ್ಷ

ಕುರುಗೋಡಿನ ಗಾದೆಪ್ಪನಿಗೆ ಕುರಿ ಮೇಯಿಸುವುದು ಎಷ್ಟು ಗೊತ್ತೋ, ಹೇಳಿದ ಮಾತು ಕೇಳದಿರುವುದೂ ಅಷ್ಟೇ ಗೊತ್ತು. ಪ್ರತಿ ಬೇಸಿಗೆಯ ಕೊನೆಗೆ ಗುಡ್ಡದ ಒಣಹುಲ್ಲಿಗೆ ಬೆಂಕಿ ಹಚ್ಚುತ್ತಿದ್ದ. ಹಳೆಯದು ಸುಟ್ಟರೆ ಮಳೆ ಬಿದ್ದ ಕೂಡಲೇ ಕುರಿಗಳಿಗೆ ಎಳೆ ಹುಲ್ಲು ಬರುತ್ತದೆಂದು ಅವನ ನಂಬಿಕೆ. ಅದೇ ಗುಡ್ಡದ ಸೀತಾಫಲ ಕಿತ್ತು ಅವನ ಹೆಂಡತಿ ಜಡೆಮ್ಮ ಬಳ್ಳಾರಿಯ ಗಾಂಧಿನಗರದಲ್ಲಿ ಮಾರುತ್ತಿದ್ದಳು. ಹೋದ ವರ್ಷ ಹಣ್ಣು ನಿಂಬೆಕಾಯಿಯಷ್ಟೇ ಆಗಿ, ಬುಟ್ಟಿಯ ತಳವೂ ಮುಚ್ಚಲಿಲ್ಲ.

ಈ ಸಲ ಗಾದೆಪ್ಪ ಕಡ್ಡಿಪೆಟ್ಟಿಗೆ ಹಿಡಿದು ಹೊರಟಾಗ ಜಡೆಮ್ಮ ಸುಮ್ಮನಿರಲಿಲ್ಲ. ಪಕ್ಕದ ಮನೆಯ ನಂದಿನಿಯನ್ನು ಕೂಗಿದಳು. ನಂದಿನಿ ಅರಣ್ಯ ಇಲಾಖೆಯಲ್ಲಿ ಗಾರ್ಡ್.

“ಮಾವ, ಬೆಂಕಿ ಬ್ಯಾಡ್ರಿ,” ಎಂದಳು ನಂದಿನಿ.

“ನಮ್ಮಪ್ಪನೂ ಹಚ್ತಿದ್ದ. ಆವಾಗೇನು ಕಾಡು ಸತ್ತಿತ್ತೇನವ್ವಾ?”

“ಆವಾಗ ಬೆಂಕಿ ಹಿಂದ್ಲೇ ಮಳಿ ಬರ್ತಿತ್ರಿ. ಗಿಡ ಸುಟ್ರೂ ಬುಡ ಚಿಗುರ್ತಿತ್ತು. ಈಗ ಹವಾನೇ ಬದಲಾಗೈತಿ. ಬಿಸ್ಲು ಜಾಸ್ತಿ, ಮಳಿ ತಡ. ಮೊದ್ಲೇ ಬಾಯಾರಿದ ಗಿಡಕ್ಕ ಬೆಂಕಿನೂ ಇಟ್ರ ಹೆಂಗ ಬದುಕ್ತೈತಿ?”

“ಸಾಲಿ ಕಲ್ತೋರು ಹಿಂಗ ಹೇಳ್ತೀರಿ ಬಿಡು.”

“ನನ್ನ ನಂಬಬ್ಯಾಡ್ರಿ. ನಿಮ್ಮ ಉಗುರು ನಂಬ್ರಿ, ಬರ್ರಿ.”

ಮೂವರೂ ಗುಡ್ಡ ಹತ್ತಿದರು. ಹೋದ ವರ್ಷ ಸುಟ್ಟ ಕಡೆ ಗಾದೆಪ್ಪ ಒಂದು ಸೀತಾಫಲದ ಕೊಂಬೆಯನ್ನು ಉಗುರಿನಿಂದ ಕೆರೆದ. ಒಳಗೆ ಕಂದು, ಬರೀ ಒಣ ಕಟ್ಟಿಗೆ. ಇನ್ನೊಂದು ಗಿಡವೂ ಹಾಗೆಯೇ. ಹಳ್ಳದ ಆಚೆ, ಬೆಂಕಿ ದಾಟದ ಕಡೆ ಕೆರೆದರೆ ತೊಗಟೆಯ ಕೆಳಗೆ ಹಸಿರು! ಬುಡದ ಎಲೆ ಸರಿಸಿದರೆ ಮಣ್ಣು ಇನ್ನೂ ತಂಪಾಗಿತ್ತು. ಎರಡೂ ಕಡೆ ಬಿದ್ದದ್ದು ಅದೇ ಬಿಸಿಲು, ಅದೇ ಮಳೆ. ಗಾದೆಪ್ಪ ಸುಟ್ಟ ಕಡೆಗೆ ತಿರುಗಿ ನೋಡಿದ.

“ಇಷ್ಟೂ ಗಿಡ ನಾನೇ ಕೊಂದೆನೇನು?”

“ಬಿಸ್ಲೂ ಕೊಂದೈತಿ, ಮಾವ. ಬಿಸ್ಲು ನಮ್ಮೊಬ್ಬರ ಕೈಯಾಗಿಲ್ಲ. ಕಡ್ಡಿ ನಿಮ್ಮ ಕೈಯಾಗೈತಿ.”

“ಮತ್ತ ನನ್ನ ಕುರಿ?”

“ಮಳಿಗಾಲ ಮುಗಿಯೋ ಹೊತ್ತಿಗೆ ಇಲಾಖೆ ಒಪ್ಪಿಗಿ ತಗೊಂಡು, ಹುಲ್ಲು ಹಸಿ ಇದ್ದಾಗ್ಲೇ ಕೊಯ್ದಿಟ್ಕೋರಿ. ಬೇಸಿಗಿಗೆ ಮೇವು ಆಗ್ತೈತಿ.”

ಜಡೆಮ್ಮ ಗಂಡನ ಕೈಯಿಂದ ಕಡ್ಡಿಪೆಟ್ಟಿಗೆ ಕಸಿದುಕೊಂಡಳು.

“ಲೇ, ನನ್ನ ಬೀಡಿಗೆ?”

“ಮನಿಗೆ ಬಂದು ಒಲಿ ಮುಂದ ಕುಂತು ಹಚ್ಕೋರಿ!”

ನಂದಿನಿ ನಕ್ಕಳು, ಗಾದೆಪ್ಪನೂ ನಕ್ಕ. ಮರುದಿನ ಅವನೇ ಓಣಿಯ ನಾಲ್ಕು ಕುರಿಗಾರರನ್ನು ಕರೆತಂದು, ಬೇರೆ ಕಡೆಯ ಬೆಂಕಿ ಒಳಗೆ ಬಾರದಂತೆ ನಂದಿನಿ ತೋರಿಸಿದ ಕಡೆ ಹುಲ್ಲು ಕೆತ್ತಿ ಬಯಲು ಪಟ್ಟಿ ಮಾಡಿಸಿದ.

ಆ ವರ್ಷವೂ ಮಳೆ ತಡವಾಗಿಯೇ ಬಂತು. ಆದರೂ ಉಳಿದ ಗಿಡಗಳು ತಡೆದುಕೊಂಡವು, ಕರಕಲು ಬುಡಗಳಲ್ಲೂ ಕೆಲವು ಚಿಗುರಿದವು. ಹಣ್ಣಿನ ಕಾಲಕ್ಕೆ ಜಡೆಮ್ಮನ ಬುಟ್ಟಿ ತುಂಬಿ, ಇನ್ನೊಂದನ್ನು ಗಾದೆಪ್ಪನೇ ಹೊತ್ತು ಬಳ್ಳಾರಿ ಬಸ್ಸು ಹತ್ತಬೇಕಾಯಿತು. ಗಾಂಧಿನಗರದಲ್ಲಿ ಹೆಂಡತಿಗಿಂತ ಅವನ ದನಿಯೇ ಜೋರು: “ಬರ್ರೀ, ಬೆಂಕಿ ಕಾಣದ ಗುಡ್ಡದ ಹಣ್ಣು! ತಿಂದು ನೋಡ್ರಿ, ಆಮ್ಯಾಲೆ ಮಾತಾಡ್ರಿ!”

ಅಕ್ಕಂದಿರೇ, ಅಣ್ಣಂದಿರೇ, ಹವಾಮಾನದ ಬಿಸಿ ತಾಳಲು ನಮ್ಮ ಕಾಡು ಆಗಲೇ ಹೆಣಗುತ್ತಿದೆ. ಅದರ ಮೇಲೆ ಬೆಂಕಿ ಇಡಬೇಡಿ. ಗುಡ್ಡದಲ್ಲಿ ಹೊಗೆ ಕಂಡರೆ ತಕ್ಷಣ ಅರಣ್ಯ ಇಲಾಖೆಗೆ ತಿಳಿಸಿ. ಈ ಬೇಸಿಗೆ ನಿಮ್ಮೂರ ಗುಡ್ಡವೂ ಸುಡದೆ ಉಳಿಯಲಿ.